ಮುಲಾಮಜ್ಜಿಯ ಹಲ್ಲಿನ ಸೆಟ್ಟು

ಹಲ್ಲಿನ ಮೇಸ್ತ್ರಿಗೆ ಐವತ್ತೊಂದು ವರ್ಷ. ಬಾಯಲ್ಲಿ ಅವನದೇ ಆದ ಇಪ್ಪತ್ತೆಂಟು ಹಲ್ಲು, ಕೈಯಲ್ಲಿ ಪರರ ಹಲ್ಲು ಲೆಕ್ಕವಿಲ್ಲದಷ್ಟು. ಡಾಕ್ಟ್ರಮ್ಮನ ಹಲ್ಲಿನ ಆಸ್ಪತ್ರೆಯ ಮೆಟ್ಟಿಲ ಕೆಳಗೆ, ಒಂದೇ ಕಿಟಕಿಯ ಉದ್ದನೆಯ ಕೋಣೆಯಲ್ಲಿ ಅವನ ಕೆಲಸ. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಪ್ಲಾಸ್ಟಿಕ್ ತಟ್ಟೆ, ತಟ್ಟೆಗೊಂದು ಬಾಯಿ. ರೋಗಿಗಳ ಮುಖ ಅವನು ನೋಡಿದವನಲ್ಲ. ಮೇಲಿನಿಂದ ಒಸಡಿನ ಅಚ್ಚು ಮತ್ತು ಒಂದು ಚೀಟಿ ಇಳಿಯುತ್ತಿತ್ತು, ಕೆಳಗಿನಿಂದ ಹಲ್ಲಿನ ಸೆಟ್ಟು ಹತ್ತುತ್ತಿತ್ತು. ಹಲ್ಲು ಮತ್ತು ಕಡಲೆಯ ಗಾದೆಯನ್ನು ಅವನ ಕೋಣೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತಿದವರಿಗೆ ಬೇಗನೇ ಒಂದು ಸೆಟ್ಟು ಬೇಕಾಗುವ ಹಾಗೆ ನೋಡಿಕೊಳ್ಳುತ್ತೇನೆ ಎಂದು ಅವನು ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದ.

ಈ ಕಸುಬಿನಲ್ಲಿ ಅರ್ಧ ಕೆಲಸ, ಅರ್ಧ ಕಾಯುವುದು. ಅಚ್ಚಿಗೆ ಪ್ಲಾಸ್ಟರ್ ಹೊಯ್ದರೆ ಮುಕ್ಕಾಲು ಗಂಟೆ ಅದರ ಮುಖ ನೋಡುತ್ತ ಕೂರಬೇಕು. ಆ ಮುಕ್ಕಾಲು ಗಂಟೆಗೆಂದೇ ಅವನ ಬಾಮೈದ ಎರಡು ವರ್ಷದ ಹಿಂದೆ, ಡಾಕ್ಟ್ರಮ್ಮ ಮೂಲೆಗೆಸೆದಿದ್ದ ಹಳೇ ಕಂಪ್ಯೂಟರಿಗೆ ಒಂದು ಆಟ ಹಾಕಿಕೊಟ್ಟಿದ್ದ. ಇಂಟರ್ನೆಟ್ಟಿನಲ್ಲಿ ಎಲ್ಲೆಲ್ಲಿಯವರೋ ಸೇರಿ, ವೇಷ ಹಾಕಿಕೊಂಡು, ಕೋಟೆ ಕೊತ್ತಲ ಕೆಸರು ಕಾಡು ಎಂದು ಅಲೆದು ರಾಕ್ಷಸರನ್ನು ಬಡಿಯುವ ಆಟ. ಮೇಸ್ತ್ರಿ ಅದರಲ್ಲಿ ಗದೆ ಹಿಡಿದ ಗುಡುಗಪ್ಪ. ಲಿಫ್ಟ್ ರಿಪೇರಿ ಮಾಡುವ ಬಾಮೈದ, ಎತ್ತರದ ಕಟ್ಟಡಗಳ ತುದಿಯ ಮಷೀನ್ ರೂಮಿನಲ್ಲಿ ಕೂತು, ಫೋನಿನಲ್ಲೇ ಆಡುವ ಬಿಲ್ಲುಗಾರ. ಆಟದಲ್ಲಿ ಅವನ ಹೆಸರು ಮೃತ್ಯುಂಜಯ. ದಿನಕ್ಕೆ ಕಡಿಮೆಯೆಂದರೆ ಮೂರು ಸಲ ಸಾಯುತ್ತಿದ್ದ.

ಇವರಿಬ್ಬರಿಗೆ ಮೂರನೆಯವಳಾಗಿ ಎಂಟು ತಿಂಗಳ ಹಿಂದೆ ಕೆಸರುಗಾಡಿನಲ್ಲಿ ಸಿಕ್ಕವಳು ಮುಲಾಮಜ್ಜಿ. ಗಾಯಕ್ಕೆ ಮದ್ದು ಹಚ್ಚುವುದು ಅವಳ ಪಾತ್ರ. ಆ ಕಡೆ ನಿಜವಾಗಿ ಯಾರಿದ್ದಾರೆ, ಯಾವ ಊರು, ಏನು ಕಥೆ, ಇವರು ಕೇಳಿರಲಿಲ್ಲ. ಮೊದಲು ಬರೀ ಟೈಪ್ ಮಾಡುತ್ತಿದ್ದವಳು ಎರಡು ತಿಂಗಳಿಂದ ಮಾತಾಡತೊಡಗಿದ್ದಳು. ದನಿ ಕೇಳಿದ ದಿನವೇ ಗೊತ್ತಾಯಿತು, ಅಜ್ಜಿ ನಿಜವಾಗಿಯೂ ಅಜ್ಜಿಯೇ. ಮತ್ತು ಅಜ್ಜಿಯ ಬಾಯಲ್ಲಿ ಹಲ್ಲಿಲ್ಲ. 'ಸ' ಬರಬೇಕಾದಲ್ಲೆಲ್ಲ ಗಾಳಿ ಬರುತ್ತಿತ್ತು. "ಹಿಂದೆ ಫರ್ಪ, ಫರ್ಪ!" ಎಂದು ಅವಳು ಕೂಗಿಕೊಂಡ ದಿನ, ಫರ್ಪ ಎಂದರೇನೆಂದು ಬಾಮೈದ ಯೋಚಿಸುತ್ತಿರುವಾಗಲೇ ಸರ್ಪ ಅವನನ್ನು ನುಂಗಿತ್ತು. ಆದರೆ ಮದ್ದು ಹಚ್ಚುವುದರಲ್ಲಿ ಅವಳ ಸಮಾನರಿಲ್ಲ. ಜೀವ ಹೋಗುವ ಹೊತ್ತಿಗೆ ಸರಿಯಾಗಿ ಮುಲಾಮು ಬಂದು ಬೀಳುತ್ತಿತ್ತು. ಪ್ರತಿ ಸಲವೂ ಗುಡುಗಪ್ಪ "ಬದುಕಿಸಿದ್ರಿ ಅಜ್ಜಿ!" ಎಂದು ಬಾಯಿ ತುಂಬ ಕೂಗುತ್ತಿದ್ದ.

ಆಟದಲ್ಲೊಂದು ಕಟ್ಟಳೆ ಇತ್ತು. ಬಿದ್ದವನು ನಲವತ್ತು ನಿಮಿಷ ಮೂಟೆಯಂತೆ ನೆಲದ ಮೇಲೆ ಬಿದ್ದಿರಬೇಕು. ಸಂಗಡಿಗರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಕೂತರೆ ಅಲ್ಲೇ ಎದ್ದೇಳುತ್ತಾನೆ. ಎಲ್ಲರೂ ಬಿಟ್ಟು ಹೋದರೆ ನರಿಗಳು ಬಂದು ಅವನ ಬಟ್ಟೆಬರೆಯನ್ನೆಲ್ಲ ಎಳೆದೊಯ್ದು, ಅವನು ಮೊದಲನೇ ಹಳ್ಳಿಯಲ್ಲಿ ಚಡ್ಡಿಯ ಮೇಲೆ ಎಚ್ಚರಾಗುತ್ತಾನೆ. ಇನ್ನೊಂದು ಮಾತು: ಬಿದ್ದವನಿಗೆ ಎಲ್ಲ ಕೇಳಿಸುತ್ತದೆ, ಮಾತಾಡಲು ಮಾತ್ರ ಬರುವುದಿಲ್ಲ.

ಬಿದ್ದವರನ್ನು ಬಿಟ್ಟು ಹೋಗಬಾರದು ಎನ್ನುವುದು ಮೇಸ್ತ್ರಿಯ ವ್ರತ. "ನಾನಿರೋ ಕಡೆ ಹೆಣ ಅನಾಥ ಆಗಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ತೊಂದರೆ ಏನಾಗಿತ್ತೆಂದರೆ, ಪ್ಲಾಸ್ಟರಿನ ಮುಕ್ಕಾಲು ಗಂಟೆಗೂ ಬಾಮೈದನ ನಲವತ್ತು ನಿಮಿಷಕ್ಕೂ ತಾಳೆ ಬೀಳುತ್ತಿರಲಿಲ್ಲ. ಪ್ಲಾಸ್ಟರ್ ಗಟ್ಟಿಯಾದಾಗ ಬಾಮೈದ ಇನ್ನೂ ಹೆಣ. ಬಾಮೈದ ಎದ್ದಾಗ ಪ್ಲಾಸ್ಟರ್ ಗಟ್ಟಿಯಾಗಿ ಯಾವ ಕಾಲವಾಯಿತೋ. ಆದರೆ ಎದ್ದವನನ್ನು ಒಂದು ಹೊಡೆದಾಟಕ್ಕಾದರೂ ಕರೆದೊಯ್ಯದೆ ಹೋಗಲಾದೀತೇ? ಹೀಗೆ ಕಪಾಟಿನಲ್ಲಿ ಕೆಲವು ತಟ್ಟೆಗಳು 'ನಾಳೆ' ಎನ್ನುವ ಜಾಗದಲ್ಲೇ ಬೇರುಬಿಟ್ಟಿದ್ದವು.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬಾಮೈದ ಎಮ್ಮೆ ಗಾತ್ರದ ಕಪ್ಪೆಯೊಂದರ ಕೈಯಲ್ಲಿ, ಅಂದರೆ ನಾಲಿಗೆಯಲ್ಲಿ, ಸತ್ತ. ಕಪ್ಪೆಯನ್ನು ಮೇಸ್ತ್ರಿ ಗದೆಯಿಂದ ಚಪ್ಪಟೆ ಮಾಡಿದ. ಆಮೇಲೆ ಗುಡುಗಪ್ಪನೂ ಮುಲಾಮಜ್ಜಿಯೂ ಮೂಟೆಯ ಆಚೆಗೊಬ್ಬರು ಈಚೆಗೊಬ್ಬರು ಬೆಂಕಿ ಹಾಕಿಕೊಂಡು ಕೂತರು.

"ನಿಂಗೆ ಬಾಳ ತಾಳ್ಮೆ ಗುಡುಗಪ್ಪ," ಎಂದಳು ಅಜ್ಜಿ. "ಬೇರೆಯೋರಾಗಿದ್ರೆ ಇವನನ್ನ ನರಿಗೆ ಹಾಕಿ ಯಾವತ್ತೋ ಹೋಗಿರೋರು."

"ಏನ್ ಮಾಡೋದು ಅಜ್ಜಿ, ಹೆಂಡ್ತಿ ತಮ್ಮ. ನರಿ ತಿಂದ್ರೆ ಮನೇಲಿ ಉತ್ತರ ಹೇಳಬೇಕಲ್ಲ."

"ನಿನ್ನಂಥೋನು ಹಲ್ಲು ಮಾಡೋ ಕೆಲಫದಲ್ಲಿರಬೇಕಿತ್ತು ನೋಡು. ನನ್ನ ಹಲ್ಲು ಮಾಡೋ ಮುಂಡೇದೊಂದಿದೆ. ಐದು ವಾರ ಆಯ್ತು!"

ಮೇಸ್ತ್ರಿ ಕುರ್ಚಿಯಲ್ಲಿ ನೆಟ್ಟಗಾದ. ಕಸುಬಿನವರ ಮೇಲೆ ದೂರು ಬಂದರೆ ಅವನಿಗೆ ಒಳಗೊಳಗೇ ಖುಷಿ. "ಅಯ್ಯೋ, ಕೆಲವರು ಹಾಗೇ ಅಜ್ಜಿ. ಸೋಮಾರಿಗಳು. ಯಾವ ಡಾಕ್ಟ್ರು?"

"ಡಾಕ್ಟ್ರಮ್ಮ ಪಾಪ ಒಳ್ಳೇಳು. 'ಕೆಳಗಿಂದ ಬಂದಿಲ್ಲ, ಕೆಳಗಿಂದ ಬಂದಿಲ್ಲ' ಅಂತಾಳೆ. ಯಾವನೋ ಮೆಟ್ಟಿಲ ಕೆಳಗೆ ಕೂತಿದಾನಂತೆ, ಬೆಕ್ಕಿನ ಹಾಗೆ. ಮೇಣದಲ್ಲಿ ಹಲ್ಲು ಜೋಡಿಫಿ, ಬಾಯಲ್ಲಿಟ್ಟು ನೋಡಿ, ಎಲ್ಲ ಫರಿಯಾಗಿದೆ ಅಂತ ಕಳಿಫಿ ಮೂರು ವಾರ. ಇನ್ನು ಬೇಯಿಫೋದು ಒಂದೇ ಬಾಕಿಯಂತೆ. ಮೂರು ವಾರ ಬೇಯಿಫೋಕೆ ಅದೇನು ಕಲ್ಲೇ?"

ಮೇಸ್ತ್ರಿಯ ಖುಷಿ ಅರ್ಧದಲ್ಲಿ ನಿಂತಿತು. ಊರಲ್ಲಿ ಮೆಟ್ಟಿಲುಗಳೆಷ್ಟೋ ಇವೆ, ಮೆಟ್ಟಿಲ ಕೆಳಗೆ ಕೂತವರೂ ಎಷ್ಟೋ ಮಂದಿ ಇರುತ್ತಾರೆ ಎಂದು ಸಮಾಧಾನ ಹೇಳಿಕೊಂಡ.

"ನಾನೇನು ದೊಡ್ಡದು ಕೇಳಿದ್ನಾ?" ಅಜ್ಜಿ ಮುಂದುವರಿಸಿದಳು. "ಮುಂದಿನ ಒಂದು ಹಲ್ಲು ಚೂರು ಓರೆ ಇರಲಿ, ನನ್ನ ಹಲ್ಲು ಹಂಗೇ ಇತ್ತು ಅಂದೆ. ಅಷ್ಟೇ."

ಮೇಸ್ತ್ರಿ ನಿಧಾನವಾಗಿ ತಲೆ ಎತ್ತಿ ಕಪಾಟು ನೋಡಿದ. ಎರಡನೇ ಅರೆ, ಎಡಗಡೆಯಿಂದ ನಾಲ್ಕನೇ ತಟ್ಟೆ. ತಟ್ಟೆಯ ಮೇಲೆ ಡಾಕ್ಟ್ರಮ್ಮನ ಕೈಬರಹದ ಚೀಟಿ: 'ಪೂರ್ತಿ ಸೆಟ್. ಮೇಲಿನ ಮುಂದಿನ ಬಲ ಹಲ್ಲು ಸ್ವಲ್ಪ ಓರೆ (ರೋಗಿಯ ಇಚ್ಛೆ).' ಚೀಟಿಯ ಮೇಲೆ ಧೂಳು ಕೂತು, ಅದರ ಮೇಲೆ ಅವನೇ ಒಂದು ದಿನ ಟೀ ಲೋಟ ಇಟ್ಟ ಗುರುತು ಬಳೆಯಂತೆ ಮೂಡಿತ್ತು.

"ಓರೆ ಯಾಕೆ ಅಜ್ಜಿ?" ಎಂದು ಕೇಳಿದ. ದನಿ ಗುಡುಗಪ್ಪನದಾಗಿರಲಿಲ್ಲ, ಸೊಳ್ಳೆಯದಾಗಿತ್ತು.

ಆಗ ಅಜ್ಜಿ ಹೇಳಿದಳು. ಅವಳು ಇಪ್ಪತ್ತಾರು ವರ್ಷ ದೊಡ್ಡ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತವಳು. ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ಪ್ಲಾಟ್‌ಫಾರಂ ಎಂದು ಕೂಗುವ ದನಿ ಅವಳದು. ನಿವೃತ್ತಿಯ ಹೊತ್ತಿಗೆ ಆ ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಈಗಲೂ ಎಂಟು ಪ್ಲಾಟ್‌ಫಾರಂನಲ್ಲಿ ದಿನವಿಡೀ ಅವಳೇ ಮಾತಾಡುವುದು. ಈಗ ಒಂಬತ್ತನೆಯದು ಕಟ್ಟಿದ್ದಾರೆ. ಬಂದು ಒಂಬತ್ತನೇದಕ್ಕೂ ದನಿ ಕೊಡಿ ಎಂದು ಕರೆದಿದ್ದಾರೆ. ಶುಕ್ರವಾರ ಹತ್ತು ಗಂಟೆಗೆ. ಆಗದಿದ್ದರೆ ಎಲ್ಲವನ್ನೂ ಅಳಿಸಿ ಕಂಪ್ಯೂಟರಿನ ದನಿ ಹಾಕುತ್ತಾರಂತೆ, ಒಂದರಿಂದ ಒಂಬತ್ತರವರೆಗೂ.

"ನನ್ನ 'ಫ' ಆ ಓರೆ ಹಲ್ಲಿನ ಫಂದಿಯಿಂದಲೇ ಬರ್ತಿದ್ದಿದ್ದು," ಎಂದಳು. "ಈಗ ಹೋಗಿ ಪ್ರಯಾಣಿಕರೇ, ಫಂಜೆ ಆರರ ಬಫ್ಫು ಅಂದ್ರೆ ಯಾರು ಹತ್ತಾರೆ? ಎರಡು ತಿಂಗಳಿಂದ ನಾನು ಯಾರ ಮನೆಗೂ ಹೋಗಿಲ್ಲ ಗುಡುಗಪ್ಪ. ಫೋನ್ ಬಂದ್ರೆ ಎತ್ತಲ್ಲ. ಅಂಗಡೀಲಿ ಬೆರಳು ತೋರ್ಫಿ ಫಾಮಾನು ತಗೋತೀನಿ, ಮೂಗಿ ಅಂದ್ಕೊಂಡಿದಾರೆ. ನಿಮ್ಮಿಬ್ಬರ ಹತ್ರ ಮಾತ್ರ ಬಾಯಿ ಬಿಡೋದು. ನೀವು ಮುಖ ನೋಡಲ್ಲವಲ್ಲ."

ಅಷ್ಟರಲ್ಲಿ ಮೇಸ್ತ್ರಿಯ ಕಣ್ಣು ಮೂಟೆಯ ಮೇಲೆ ಬಿತ್ತು. ಬಿದ್ದವನಿಗೆ ಎಲ್ಲ ಕೇಳಿಸುತ್ತದೆ! ಭಾವ ಎಲ್ಲಿ ಕೆಲಸ ಮಾಡುತ್ತಾನೆ, ಯಾವ ಮೆಟ್ಟಿಲ ಕೆಳಗೆ ಬೆಕ್ಕಿನ ಹಾಗೆ ಕೂರುತ್ತಾನೆ ಎಂದು ಬಾಮೈದನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮೂಟೆಯ ಮೇಲಿನ ಗಡಿಯಾರ ಇನ್ನು ಹನ್ನೊಂದು ನಿಮಿಷ ತೋರಿಸುತ್ತಿತ್ತು. ಹನ್ನೊಂದು ನಿಮಿಷ ಕಳೆದರೆ ಬಾಮೈದ ಎದ್ದು ಬಾಯಿ ಬಿಡುತ್ತಾನೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಮೇಸ್ತ್ರಿ, ಬಿದ್ದವನು ಏಳದಿರಲಿ ಎಂದು ಬೇಡಿಕೊಂಡ.

ಮೈಕು ಮುಚ್ಚಿ, ಬಾಮೈದನ ಕಂಪನಿಯ ಫೋನಿಗೆ ಕರೆ ಮಾಡಿದ.

"ಲಿಫ್ಟ್ ಸರ್ವಿಸ್, ಹೇಳಿ," ಎಂದಿತು ಹೆಣ.

"ನಾನು ಕಣೋ. ಕೇಳಿಸ್ತಾ?"

ಆ ಕಡೆಯಿಂದ ಉತ್ತರದ ಬದಲು ಉಸಿರು ಕಟ್ಟಿ ನಗುವ ಸದ್ದು ಬಂತು. "ಭಾವ! ಬೆಕ್ಕು ಭಾವ! ಅಯ್ಯಯ್ಯೋ, ಇಲ್ಲಿ ಒಬ್ಬನೇ ನಗ್ತಿದೀನಿ, ವಾಚ್‌ಮನ್ ಬಂದು ನೋಡ್ಕೊಂಡು ಹೋದ."

"ಬಾಯಿ ಮುಚ್ಚು. ಎದ್ದ ಮೇಲೂ ಮುಚ್ಚಿಕೊಂಡೇ ಇರು. ಅಜ್ಜಿಗೆ ಗೊತ್ತಾಗಬಾರದು."

"ಯಾಕೆ? 'ಕೆಲವರು ಹಾಗೇ, ಸೋಮಾರಿಗಳು' ಅಂತ ಈಗ ತಾನೇ ನೀನೇ ಹೇಳ್ದೆ."

"ಲೋ, ನಿನ್ನ ಕಾಲಿಗೆ ಬೀಳ್ತೀನಿ."

"ಕಾಲು ಬೇಡ. ಬೆಂಕಿ ಕಂಬಳಿ ಕೊಡು."

ಬೆಂಕಿ ಕಂಬಳಿ ಎಂದರೆ ಸಾಮಾನ್ಯದ್ದಲ್ಲ. ಹೊದ್ದವನನ್ನು ಯಾವ ಉರಿಯೂ ಸುಡದು. ಅದಕ್ಕಾಗಿ ಮೇಸ್ತ್ರಿ ನಾಲ್ಕು ತಿಂಗಳು ಉರಿನಾಗನ ಗುಹೆಯಲ್ಲಿ ಬೆಂದಿದ್ದ. "ಕೊಲೆಗಡುಕ," ಎಂದ. "ಬೇರೆ ಏನಾದ್ರೂ ಕೇಳು."

"ಇನ್ನು ಆರು ನಿಮಿಷ ಇದೆ ಭಾವ. ಯೋಚನೆ ಮಾಡು, ಅವಸರ ಇಲ್ಲ. ನಾನೇನು ಎಲ್ಲೂ ಹೋಗಲ್ಲ, ಸತ್ತಿದೀನಿ."

ಕಂಬಳಿ ಕೈ ಬದಲಾಯಿತು. ಬಾಮೈದ ಎದ್ದ. ಎದ್ದವನೇ ಮೈಕು ತೆಗೆದು ಅತ್ಯಂತ ವಿನಯದಿಂದ ಕೇಳಿದ: "ಅಜ್ಜಿ, ಆ ಹಲ್ಲಿನವನು ಕೈಗೆ ಸಿಕ್ರೆ ಏನ್ ಮಾಡ್ತೀರಿ?"

"ಈಗೇನೂ ಮಾಡಲ್ಲಪ್ಪ," ಎಂದಳು ಅಜ್ಜಿ. "ಹಲ್ಲಿಲ್ಲದ ಬಾಯಲ್ಲಿ ಬೈದ್ರೆ ಬೈಗುಳ ಎಲ್ಲ ಉಗುಳಾಗಿ ಹೋಗುತ್ತೆ. ಮೊದಲು ಹಲ್ಲು ಬರಲಿ."

ಮೇಸ್ತ್ರಿ ಕಂಪ್ಯೂಟರ್ ಆರಿಸಿ ತಟ್ಟೆ ಕೆಳಗಿಳಿಸಿದ.

ಮಂಗಳವಾರ ಮಧ್ಯಾಹ್ನವೆಲ್ಲ ತಲೆ ಎತ್ತದೆ ದುಡಿದ. ಮೇಣದ ಹಲ್ಲುಸಾಲನ್ನು ಹಿತ್ತಾಳೆ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹುಗಿದು, ಮೇಣ ಕರಗಿಸಿ ತೆಗೆದು, ಅದರ ಜಾಗಕ್ಕೆ ಒಸಡಿನ ಬಣ್ಣದ ಹಿಟ್ಟು ತುಂಬಿದ. ಬುಧವಾರ ಬೆಳಿಗ್ಗೆ ಡಬ್ಬಿಯನ್ನು ನೀರಿನ ತೊಟ್ಟಿಗೆ ಇಳಿಸಿದ. ಇದನ್ನು ಹದವಾದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸಬೇಕು, ಬೆಂದ ಮೇಲೆ ತಾನಾಗಿ ಆರಲು ಬಿಡಬೇಕು. ಇಪ್ಪತ್ತೇಳು ವರ್ಷದಿಂದ ಅವನಿಗೆ ಇದು ಗೊತ್ತು. ಆದರೆ ತಪ್ಪಿತಸ್ಥನ ಕೈ ಸುಮ್ಮನಿರುವುದಿಲ್ಲ. ಮೂರು ವಾರ ಕಾಯಿಸಿದವನಿಗೆ ಅಂದು ಮೂರು ಗಂಟೆ ಕಾಯುವುದಕ್ಕೆ ಆಗಲಿಲ್ಲ. ಬಿಸಿ ಹೆಚ್ಚಿಸುವ ಗುಂಡಿಯನ್ನು ಒಂದು ಸುತ್ತು ತಿರುಗಿಸಿದ. ಆಮೇಲೆ ಇನ್ನೊಂದು ಸುತ್ತು. ನೀರು ಕೊತಕೊತ ಕುದಿಯಿತು. ಹನ್ನೆರಡಕ್ಕೆಲ್ಲ ಡಬ್ಬಿ ಎತ್ತಿ, ತಣ್ಣೀರಿಗೆ ಅದ್ದಿ, ಒಡೆದು ನೋಡಿದ.

ಒಸಡಿನ ತುಂಬ ಗುಳ್ಳೆ.

ಡಾಕ್ಟ್ರಮ್ಮ ಯಾವುದೋ ಕೆಲಸಕ್ಕೆ ಕೆಳಗಿಳಿದು ಬಂದವಳು ಅವನ ಕೈಯಲ್ಲಿದ್ದುದನ್ನು ನೋಡಿದಳು. "ಇದೇನು ಮೇಸ್ತ್ರಿ? ಒಸಡೋ, ಸ್ಪಂಜೋ?"

"ನಾನು ಆಟ ಆಡ್ತಿರಲಿಲ್ಲ ಡಾಕ್ಟ್ರೇ," ಎಂದ ಮೇಸ್ತ್ರಿ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕುಂಬಳಕಾಯಿಯ ಹೆಸರನ್ನೂ ಯಾರೂ ಎತ್ತಿರಲಿಲ್ಲ. ಡಾಕ್ಟ್ರಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಯಾವ ಆಟ?" ಎಂದಳು. ಅವನು ಎಲ್ಲ ಹೇಳಿದ. ಕಪ್ಪೆ, ಮೂಟೆ, ಬಸ್ ನಿಲ್ದಾಣ, ಕಂಬಳಿ, ಯಾವುದನ್ನೂ ಬಿಡಲಿಲ್ಲ. ಡಾಕ್ಟ್ರಮ್ಮ ಪೂರ್ತಿ ಕೇಳಿದಳು. ನಡುವೆ ಒಮ್ಮೆ ಮಾಸ್ಕು ಮೇಲೆಳೆದುಕೊಂಡಳು, ಯಾಕೆಂದು ಅವನಿಗೆ ಗೊತ್ತಾಗಲಿಲ್ಲ.

"ಮೂರು ವಾರದಿಂದ ಆ ಹೆಂಗಸಿಗೆ ನಾನು ಸುಳ್ಳು ಹೇಳ್ತಾ ಬಂದಿದೀನಿ, ನಿಮ್ಮ ಹೆಸರು ಕಾಪಾಡೋಕೆ," ಎಂದಳು ಕೊನೆಗೆ. "ಯಂತ್ರ ಕೆಟ್ಟಿದೆ ಅಂದೆ, ಕರೆಂಟಿಲ್ಲ ಅಂದೆ, ಒಂದು ಸಲ ನಿಮ್ಮ ಅತ್ತೇನ ಸಾಯಿಸಿದೀನಿ."

"ನಮ್ಮತ್ತೆ ಗಟ್ಟಿಯಾಗಿದಾರೆ ಡಾಕ್ಟ್ರೇ."

"ಗೊತ್ತು. ಹೋದ ವಾರ ರೂಟ್ ಕೆನಾಲಿಗೆ ಬಂದಿದ್ರು. ಆ ಅಜ್ಜಿಯ ಅಚ್ಚಿನ ಇನ್ನೊಂದು ಪ್ರತಿ ನನ್ನ ಹತ್ರ ಇದೆ, ಕೊಡ್ತೀನಿ. ಮತ್ತೆ ಬಾಯಲ್ಲಿಟ್ಟು ನೋಡೋಕೆ ಸಮಯ ಇಲ್ಲ. ಶುಕ್ರವಾರ ಎಂಟೂವರೆಗೆ ನೇರ ಬಾಯಿಗೆ. ಏನು?"

"ಹೂಂ."

ಮತ್ತೆ ಮೊದಲಿನಿಂದ. ಇಪ್ಪತ್ತೆಂಟು ಹಲ್ಲನ್ನೂ ಒಂದೊಂದಾಗಿ ಮೇಣದಲ್ಲಿ ನಿಲ್ಲಿಸಿದ. ಆ ಓರೆ ಹಲ್ಲಿಗೇ ಒಂದು ಗಂಟೆ ಹಿಡಿಯಿತು. ಎಷ್ಟು ಓರೆ ಎಂದು ಚೀಟಿ ಹೇಳುತ್ತಿರಲಿಲ್ಲ. ಬಸ್ ನಿಲ್ದಾಣದ ಆ ದನಿಯನ್ನು ಅವನು ನೂರಾರು ಸಲ ಕೇಳಿದ್ದವನೇ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, 'ಸಂಜೆ', 'ಸಾರಿಗೆ', 'ಸ್ಥಳ' ಎಂದು ತಾನೇ ಗುನುಗುತ್ತ, ಹಲ್ಲನ್ನು ಇಷ್ಟು ತಿರುಗಿಸಿ ಅಷ್ಟು ಹಿಂದೆ ತಂದು ನಿಲ್ಲಿಸಿದ. ಗುರುವಾರ ಬೆಳಿಗ್ಗೆ ಡಬ್ಬಿ ಮತ್ತೆ ನೀರಿಗಿಳಿಯಿತು. ಈ ಸಲ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ತೊಟ್ಟಿಯ ಎದುರಿಗೇ ಕೂತ.

ಹನ್ನೊಂದಕ್ಕೆ ಬಾಮೈದನ ಫೋನು ಬಂತು. "ಭಾವ, ಎಲ್ಲಿದೀಯ? ಅಜ್ಜಿ ಬಿದ್ದಿದಾಳೆ, ನಾನೊಬ್ಬನೇ ಕಾವಲು. ಇಲ್ಲಿ ನಾಲ್ಕನೇ ಮಹಡೀಲಿ ಲಿಫ್ಟ್ ಸಿಕ್ಕಾಕೊಂಡಿದೆ, ಒಳಗೆ ಒಬ್ಬರು ವಕೀಲರಿದಾರೆ. ಬೆಲ್ ಒತ್ತಿ ಒತ್ತಿ ಇಡ್ತಿದಾರೆ. ಬೇಗ ಬಂದು ಅಜ್ಜಿ ಹತ್ರ ಕೂತ್ಕೋ."

"ಆಗಲ್ಲ. ನಾನು ಅಜ್ಜಿ ಹತ್ರಾನೇ ಕೂತಿದೀನಿ."

"ಎಲ್ಲಿ? ಕಾಣಿಸ್ತಿಲ್ಲ!"

"ನೀರಲ್ಲಿ ಬೇಯ್ತಿದಾಳೆ," ಎಂದು ಫೋನಿಟ್ಟ. ವಕೀಲರು ಆ ದಿನ ಮೂವತ್ತೈದು ನಿಮಿಷ ಲಿಫ್ಟಿನಲ್ಲೇ ಇದ್ದರೆಂದು ಆಮೇಲೆ ತಿಳಿಯಿತು. ಅಜ್ಜಿಯನ್ನು ನರಿಗೆ ಬಿಡಲು ಬಾಮೈದನಿಗೂ ಮನಸ್ಸಾಗಿರಲಿಲ್ಲ.

ಶುಕ್ರವಾರ ಎಂಟೂವರೆಗೆ ಸೆಟ್ಟು ಮೇಲೆ ಹೋಯಿತು. ಗುಳ್ಳೆಯಿಲ್ಲ, ಬಿರುಕಿಲ್ಲ, ಹೊಳಪು ಕನ್ನಡಿಯಂತೆ. ಮೇಸ್ತ್ರಿ ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಂತ. ಹತ್ತು ನಿಮಿಷಕ್ಕೆ ಡಾಕ್ಟ್ರಮ್ಮನ ತಲೆ ಕಟಕಟೆಯಿಂದ ಕೆಳಗೆ ಬಾಗಿತು. "ಮೇಸ್ತ್ರಿ, ಉಜ್ಜೋ ಮಷೀನು ತಗೊಂಡು ಮೇಲೆ ಬನ್ನಿ. ಶಿಳ್ಳೆ ಬರ್ತಿದೆ."

"ನಾನೇ ಬರಬೇಕಾ ಡಾಕ್ಟ್ರೇ?"

"ಇಲ್ಲ, ನಿಮ್ಮತ್ತೇನ ಕರೆಸಿ."

ಮಾತಾಡಬಾರದು, ಅಷ್ಟೇ. ಮಾತಾಡಿದರೆ ದನಿ ಸಿಕ್ಕಿಬೀಳುತ್ತದೆ. ಮಾಸ್ಕು ಕಟ್ಟಿಕೊಂಡು, ಟೋಪಿ ಹಾಕಿಕೊಂಡು ಅವನು ಒಳಗೆ ಹೋದ. ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಚಿಕ್ಕ ಆಳು. ಮಡಿಲಲ್ಲಿ ದೊಡ್ಡ ಕೈಚೀಲ, ಬಾಯಿಗೆ ಅಡ್ಡ ಕರ್ಚೀಪು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಎಂಟು ತಿಂಗಳಿಂದ ತನ್ನ ಪ್ರಾಣ ಉಳಿಸುತ್ತ ಬಂದವಳು ಇವಳೇ ಎಂದು ನಂಬುವುದು ಕಷ್ಟವಾಯಿತು. ಆಟದಲ್ಲಿ ಅವಳು ಏಳಡಿ ಎತ್ತರ, ಹೆಗಲ ಮೇಲೆ ಗೂಬೆ.

"ಇವರೇ ನಮ್ಮ ಮೇಸ್ತ್ರಿ," ಎಂದಳು ಡಾಕ್ಟ್ರಮ್ಮ. "ಹೇಳಿ ನೋಡೋಣ."

ಅಜ್ಜಿ ಕರ್ಚೀಪು ತೆಗೆದು, ಬೆನ್ನು ನೆಟ್ಟಗೆ ಮಾಡಿದಳು. "ಪ್ರಯಾಣಿಕರ ಗಮನಕ್ಕೆ. ಸಂಜೆ ಆರು ಗಂಟೆಗೆ ಹೊರಡುವ ಬಸ್ಸು..." ಮೊದಲ 'ಸ'ಕ್ಕೆ ಒಂದು ಶಿಳ್ಳೆ, ಎರಡನೆಯದಕ್ಕೆ ಇನ್ನೂ ದೊಡ್ಡ ಶಿಳ್ಳೆ. ಆಟದ ಮೈದಾನದ ರೆಫರಿಗೂ ಅಷ್ಟು ಚೆನ್ನಾಗಿ ಬಾರದು.

ಮೇಸ್ತ್ರಿಗೆ ಭಯ ಮರೆತುಹೋಯಿತು. ಕಸುಬು ಎದ್ದು ನಿಂತಿತು. ಮೇಲಿನ ಸೆಟ್ಟು ತೆಗೆದು ಬೆಳಕಿಗೆ ಹಿಡಿದು ನೋಡಿದ. ಓರೆ ಹಲ್ಲು ಸರಿಯಾಗಿಯೇ ಇತ್ತು. ಅದರ ಹಿಂದೆ ಅಂಗುಳಿನ ಏರು ಒಂದು ಕೂದಲೆಳೆ ಹೆಚ್ಚಾಗಿತ್ತು. ಉಜ್ಜಿದ. ಹಾಕಿದ. ಕೈಸನ್ನೆ ಮಾಡಿ 'ಹೇಳಿ' ಎಂದ. ಶಿಳ್ಳೆ ಸಣ್ಣದಾಗಿತ್ತು. ಮತ್ತೆ ತೆಗೆದ, ಮತ್ತೆ ಉಜ್ಜಿದ. ಗಡಿಯಾರ ಒಂಬತ್ತು ದಾಟಿತು. ಅಜ್ಜಿ ಡಾಕ್ಟ್ರಮ್ಮನ ಕಡೆ ತಿರುಗಿ, "ಪಾಪ, ಮಾತು ಬರಲ್ವಾ ಇವರಿಗೆ? ಫುಮ್ಮನೆ ಬೈದುಬಿಟ್ಟೆನಲ್ಲಾ," ಎಂದು ಪಿಸುಗುಟ್ಟಿದಳು.

ಮೂರನೇ ಸಲ ಹಾಕಿದ. ಸೆಟ್ಟು ಅಲುಗುತ್ತದೆಯೇ ನೋಡಲು ಬೆರಳನ್ನು ದವಡೆಯ ಹಲ್ಲಿನ ಮೇಲಿಟ್ಟೇ ಇದ್ದ. ಅಜ್ಜಿಗೆ ತಾಳ್ಮೆಯಿರಲಿಲ್ಲ, ಬೆರಳಿದ್ದರೆ ಇರಲಿ ಎಂದು ಬಾಯಿ ಅಗಲಿಸಿಯೇ ಹೇಳಿದಳು: "ಸಂಜೆ ಆರು ಗಂಟೆಗೆ ಹೊರಡುವ ಬಸ್ಸು."

ಶಿಳ್ಳೆಯಿಲ್ಲ. ಒಂದು ಸ, ಒಂದು ಸ್ಸು. ರೇಷ್ಮೆ ಹರಿದಂತೆ ನುಣ್ಣಗೆ. ಬಸ್ ನಿಲ್ದಾಣವೇ ಆ ಕೋಣೆಯೊಳಗೆ ಬಂದು ನಿಂತಿತು.

"ಬದುಕಿಸಿದ್ರಿ ಅಜ್ಜಿ!" ಎಂದು ಕೂಗಿಬಿಟ್ಟ ಮೇಸ್ತ್ರಿ.

ಅಜ್ಜಿಯ ಕಣ್ಣು ಗಡಿಯಾರ ಬಿಟ್ಟು ಅವನ ಮಾಸ್ಕಿನ ಮೇಲೆ ಬಂದು ನಿಂತಿತು. ಒಂದು ಕ್ಷಣ, ಎರಡು ಕ್ಷಣ. ಆಮೇಲೆ ದವಡೆಗಳೆರಡೂ ನಿಧಾನವಾಗಿ, ಪೂರ್ತಿಯಾಗಿ, ಮನಃಪೂರ್ವಕವಾಗಿ ಮುಚ್ಚಿದವು.

ಮೇಸ್ತ್ರಿಯ ಬೊಬ್ಬೆ ಕೆಳಗಿನ ರಸ್ತೆಗೂ ಕೇಳಿಸಿತು. ಡಾಕ್ಟ್ರಮ್ಮ ಬೆರಳನ್ನು ಬಿಡಿಸಿ, ದೀಪದ ಕೆಳಗೆ ಹಿಡಿದು, ಮೇಲಿನ ಗುರುತನ್ನೂ ಕೆಳಗಿನ ಗುರುತನ್ನೂ ಪರೀಕ್ಷಿಸಿದಳು. "ಎರಡೂ ಕಡೆ ಒಂದೇ ಸಮ ಕಚ್ಚಿದೆ," ಎಂದಳು. "ಒಳ್ಳೇ ಕೆಲಸ ಮೇಸ್ತ್ರಿ."

ಅಜ್ಜಿ ಕೈಚೀಲ ಎತ್ತಿಕೊಂಡು ಎದ್ದಿದ್ದಳು. ಒಂಬತ್ತು ಇಪ್ಪತ್ತು. ಮೇಸ್ತ್ರಿ "ತಪ್ಪಾಯ್ತು" ಎನ್ನಲು ಬಾಯಿ ತೆರೆದ. ಅಜ್ಜಿ ಕೈ ಎತ್ತಿ ತಡೆದಳು. "ನಿನ್ನನ್ನ ಆಮೇಲೆ ನೋಡ್ಕೋತೀನಿ," ಎಂದು ಮೆಟ್ಟಿಲಿಳಿದು ಹೋದಳು.

ಸೋಮವಾರ ಕೆಲಸಕ್ಕೆ ಬರುವ ಮುಂಚೆ ಮೇಸ್ತ್ರಿ ಬಸ್ ನಿಲ್ದಾಣಕ್ಕೆ ಹೋದ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಒಂಬತ್ತನೇ ಪ್ಲಾಟ್‌ಫಾರಂನ ಹೊಸ ಬಣ್ಣದ ಬೆಂಚಿನ ಮೇಲೆ, ಬ್ಯಾಂಡೇಜಿನ ಬೆರಳನ್ನು ಎದೆಗೊತ್ತಿಕೊಂಡು ಕೂತ. ಎರಡು ಬಸ್ಸು ಸುಮ್ಮನೆ ಬಂದು ಹೋದವು. ಮೂರನೆಯದಕ್ಕೆ ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. "ಪ್ರಯಾಣಿಕರ ಗಮನಕ್ಕೆ," ಎಂದಳು ಅಜ್ಜಿ. ಒಂಬತ್ತನೇ ಪ್ಲಾಟ್‌ಫಾರಂ ಎನ್ನುವುದನ್ನು, ಅದನ್ನು ತಾನೇ ಕಟ್ಟಿಸಿದ ಹಾಗೆ ಹೇಳಿದಳು. ಪಕ್ಕದಲ್ಲಿ ಮೂಟೆ ಇಟ್ಟುಕೊಂಡು ಕೂತಿದ್ದ ಮುದುಕನೊಬ್ಬ ತಲೆದೂಗಿದ. "ಈ ಹುಡುಗಿ ದನಿ ನೋಡಿ, ನಾನು ಕೆಲಸಕ್ಕೆ ಸೇರಿದಾಗಲೂ ಹಿಂಗೇ ಇತ್ತು," ಎಂದ. ಮೇಸ್ತ್ರಿ ಮುಂದಿನ ಬಸ್ಸಿಗೂ ಕಾದು ಕೂತ. ತನ್ನ ಕೈಯಿಂದ ಹೋದ ಹಲ್ಲು ಏನು ಮಾಡುತ್ತದೆಂದು ಇಪ್ಪತ್ತೇಳು ವರ್ಷದಲ್ಲಿ ಅವನು ಒಮ್ಮೆಯೂ ಹೋಗಿ ನೋಡಿರಲಿಲ್ಲ.

ಆದರೆ ಆಟಕ್ಕೆ ಅಜ್ಜಿ ಬರಲಿಲ್ಲ. ಒಂದು ದಿನ, ಎರಡು ದಿನ, ವಾರ. ಮದ್ದು ಹಚ್ಚುವವರಿಲ್ಲದೆ ಬಾಮೈದ ಸಾಯುವುದು ದಿನಕ್ಕೆ ಐದಕ್ಕೇರಿತು, ಬೆಂಕಿ ಕಂಬಳಿ ಹೊದ್ದುಕೊಂಡೇ. ಮೇಸ್ತ್ರಿ ಈಗ ಕಪಾಟು ಖಾಲಿಯಾದ ಮೇಲೆಯೇ ಕಂಪ್ಯೂಟರ್ ಹಾಕುತ್ತಿದ್ದುದರಿಂದ ಕಾವಲಿಗೂ ಜನವಿರಲಿಲ್ಲ. ಮೃತ್ಯುಂಜಯ ಎರಡು ಸಲ ಚಡ್ಡಿಯ ಮೇಲೆ ಎದ್ದ. "ಅಜ್ಜಿ ಸಿಟ್ಟಾಗಿದಾಳೆ ಭಾವ," ಎಂದ ಬಾಮೈದ. "ಹೋಗಿ ಇನ್ನೊಂದು ಬೆರಳು ಕೊಟ್ಟು ಬಾ."

ಹನ್ನೆರಡನೇ ದಿನ ಮಧ್ಯಾಹ್ನ, ಜೌಗಿನಲ್ಲಿ ಮೇಸ್ತ್ರಿಯೇ ಬಿದ್ದ. ಬಾಮೈದ ಪಕ್ಕದಲ್ಲಿ ಬೆಂಕಿ ಹಾಕಿದ. ಆಗ ಮಂಜಿನೊಳಗಿಂದ ಏಳಡಿಯ ಅಜ್ಜಿ, ಹೆಗಲ ಮೇಲೆ ಗೂಬೆ, ನಡೆದು ಬಂದಳು.

"ಬಿದ್ದಿರೋದು ಯಾರು?"

"ಭಾವ," ಎಂದ ಬಾಮೈದ.

"ಎಷ್ಟು ನಿಮಿಷ ಉಳಿದಿದೆ?"

"ಮೂವತ್ತೆಂಟು."

"ಸಾಕು," ಎಂದು ಅಜ್ಜಿ ಬೆಂಕಿಯ ಪಕ್ಕ ಕೂತಳು. "ಸಿಟ್ಟು ಮಾಡ್ಕೊಂಡು ಬರಲಿಲ್ಲ ಅಂದ್ಕೊಂಡ್ರಾ? ನಂಗೆ ಪುರುಸೊತ್ತಿರಲಿಲ್ಲ ಕಣ್ರೋ. ಎರಡು ತಿಂಗಳು ಬಾಯಿ ಕಟ್ಟಿತ್ತಲ್ಲ, ಬೈಯಬೇಕಾದೋರದ್ದು ಒಂದು ಪಟ್ಟಿ ಬೆಳೆದಿತ್ತು. ಮೇಲಿನ ಮನೆಯವಳು, ಅಂಗಡಿಯವನು, ನಮ್ಮ ಯಜಮಾನರು, ಯಜಮಾನರ ಅಣ್ಣ... ಒಟ್ಟು ಹತ್ತೊಂಬತ್ತು ಜನ. ಮನೆಮನೆಗೆ ಹೋಗಿ ಮುಗಿಸ್ಕೊಂಡು ಬಂದೆ. ಇವನೊಬ್ಬ ಉಳಿದಿದಾನೆ."

ಆಮೇಲೆ ಶುರುವಾಯಿತು. ಅಜ್ಜಿ ಕಿರುಚಲಿಲ್ಲ, ಅವಸರ ಮಾಡಲಿಲ್ಲ. ಬಸ್ಸಿನ ವೇಳಾಪಟ್ಟಿ ಓದುವ ಅದೇ ದನಿಯಲ್ಲಿ, ಸೋಮಾರಿ ಎಂಬುದರಿಂದ ಹಿಡಿದು ಸಕಾರದಲ್ಲಿ ಎಷ್ಟು ಬೈಗುಳ ಇವೆಯೋ ಅಷ್ಟನ್ನೂ, ಒಂದೊಂದು ಅಕ್ಷರವೂ ಮಣಿಯಂತೆ ಬೀಳುವ ಹಾಗೆ ಬೈದಳು. ಮೂಟೆ ಕೇಳಿಸಿಕೊಂಡಿತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮೇಸ್ತ್ರಿ ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತಿದ್ದ. ಅವಮಾನವಾಗಬೇಕಿತ್ತು, ಆಗಲಿಲ್ಲ. ಒಂದು 'ಸ' ಕೂಡ ಜಾರುತ್ತಿರಲಿಲ್ಲ.

ಎರಡು ನಿಮಿಷ ಬಾಕಿ ಇರುವಾಗ ಅಜ್ಜಿ ಗುಟುಕು ನೀರು ಕುಡಿದ ಸದ್ದಾಯಿತು. "ಸರಿ, ಮುಗೀತು," ಎಂದಳು. "ಇನ್ನೊಂದು ಕೆಲಸ ಇದೆ ಗುಡುಗಪ್ಪ. ನಮ್ಮ ಆಫೀಸಿನ ಹಳೇ ಮ್ಯಾನೇಜರು, ಅವರದ್ದೂ ಹಲ್ಲು ಪೂರ್ತಿ ಹೋಗಿದೆ. ಎಲ್ಲಿ ಮಾಡಿಸಿದೆ ಅಂತ ಕೇಳ್ತಿದ್ರು, ನಿಮ್ಮ ಡಾಕ್ಟ್ರಮ್ಮನ ಹತ್ರ ಕಳಿಸಿದೀನಿ."

ಮೇಸ್ತ್ರಿ ಎದ್ದ. "ಬೇಗ ಮಾಡಿಕೊಡ್ತೀನಿ ಅಜ್ಜಿ. ಒಂದೇ ವಾರ. ಆಣೆಗೂ."

"ಯಾಕೆ ಅವಸರ?" ಎಂದಳು ಅಜ್ಜಿ, ಗೂಬೆಯನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ. "ಇಪ್ಪತ್ತಾರು ವರ್ಷ ಆ ಮನುಷ್ಯನ ಮಾತು ಕೇಳಿದೀನಿ. ಇಡೀ ಊರು ಈಗ ನೆಮ್ಮದಿಯಾಗಿದೆ. ನಿಧಾನವಾಗಿ ಮಾಡಪ್ಪ."